ಪೋರ್ಚುಗಲ್‌ನ ಡೌರೊ ರೆಡ್ ವೈನ್: ರುಚಿ ಹೇಗಿರುತ್ತೆ, ಜೊತೆಗೆ ಏನು ತಿಂದರೆ ಚೆನ್ನ?

ಪೋರ್ಚುಗಲ್ ವೈನ್ ಎಂದ ಕೂಡಲೇ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಗೋವಾದಲ್ಲಿ ಅಗ್ಗದ ಬೆಲೆಗೆ ಸಿಗುವ ಸಿಹಿ 'ಪೋರ್ಟ್'. ಅದೇ ರುಚಿ ಇರಬಹುದು ಅಂದುಕೊಂಡು ಡೌರೊ ರೆಡ್ ವೈನ್ ತೆರೆದರೆ ಮೊದಲ ಗುಟುಕಿಗೇ ನಿರಾಸೆಯಾದೀತು. ಸಿಹಿ ಇಲ್ಲ, ನಾಲಿಗೆ ಒಣಗಿದ ಹಾಗಾಗುತ್ತದೆ. ಹಾಗಂತ ವೈನ್ ಕೆಟ್ಟಿದೆ ಎಂದಲ್ಲ, ಅದು ಇರಬೇಕಾದದ್ದೇ ಹಾಗೆ.

ನಿಜವಾದ ಪೋರ್ಟ್ ಮತ್ತು ಡೌರೊ ರೆಡ್ ಎರಡೂ ಹುಟ್ಟುವುದು ಉತ್ತರ ಪೋರ್ಚುಗಲ್‌ನ ಡೌರೊ ನದಿ ಕಣಿವೆಯಲ್ಲಿ. ಕಡಿದಾದ ಗುಡ್ಡಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ಬೆಳೆಯುವ ಈ ಪ್ರದೇಶಕ್ಕೆ 1756ರಲ್ಲೇ ಗಡಿ ಗುರುತಿಸಲಾಗಿತ್ತು. 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ವ್ಯತ್ಯಾಸ ಇರುವುದು ತಯಾರಿಕೆಯಲ್ಲಿ. ದ್ರಾಕ್ಷಿ ರಸ ಅರ್ಧ ಹುದುಗಿದಾಗಲೇ ದ್ರಾಕ್ಷಿಯ ಸ್ಪಿರಿಟ್ ಸುರಿದರೆ ಯೀಸ್ಟ್ ಸಾಯುತ್ತದೆ, ಸಕ್ಕರೆ ಉಳಿಯುತ್ತದೆ. ಅದು ಪೋರ್ಟ್. ಆಲ್ಕೋಹಾಲ್ ಸುಮಾರು ಶೇ. 20. ಪೂರ್ತಿ ಹುದುಗಲು ಬಿಟ್ಟರೆ ಸಕ್ಕರೆಯೆಲ್ಲ ಕರಗಿ, ಶೇ. 13-14ರ ಆಸುಪಾಸಿನ ಸಿಹಿಯಿಲ್ಲದ ರೆಡ್ ವೈನ್ ಸಿಗುತ್ತದೆ. 1952ರಲ್ಲಿ ಬಂದ 'ಬಾರ್ಕಾ ವೆಲ್ಯಾ' ಈ ಎರಡನೇ ಬಗೆಗೆ ದೊಡ್ಡ ಹೆಸರು ತಂದುಕೊಟ್ಟಿತು.

ಲೇಬಲ್ ಮೇಲೆ 'ಪೋರ್ಟೊ' ಎಂದಿದ್ದರೆ ಸಿಹಿ ಪೋರ್ಟ್, 'ಡೌರೊ' ಜೊತೆಗೆ 'ಟಿಂಟೊ' ಎಂದಿದ್ದರೆ ಈ ರೆಡ್ ವೈನ್. ಅಷ್ಟು ನೋಡಿಕೊಂಡರೆ ಸಾಕು.

ಈಗ ರುಚಿಗೆ ಬರೋಣ. ಡೌರೊ ರೆಡ್‌ನಲ್ಲಿ ಸಾಮಾನ್ಯವಾಗಿ ಒಂದೇ ತಳಿ ಇರುವುದಿಲ್ಲ. ಟುರಿಗಾ ನಾಸಿಯೊನಾಲ್, ಟುರಿಗಾ ಫ್ರಾಂಕಾ, ಟಿಂಟಾ ರೊರಿಜ್ ಎಂಬ ದ್ರಾಕ್ಷಿಗಳ ಮಿಶ್ರಣವೇ ಹೆಚ್ಚು. ಕಪ್ಪು ಹಣ್ಣುಗಳ ಗಾಢ ರುಚಿ, ಹೂವಿನಂಥ ಪರಿಮಳ, ಓಕ್ ಪೀಪಾಯಿಯಲ್ಲಿ ಇಟ್ಟಿದ್ದರೆ ಸ್ವಲ್ಪ ಮಸಾಲೆಯ ಘಮ. ಕೊನೆಗೆ ಉಳಿಯುವುದು ಒಗರು. ನೇರಳೆ ಹಣ್ಣು ಅಥವಾ ಹಸಿ ಅಡಿಕೆ ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಗರಿಗೆ ಕಾರಣ ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್. ಇದು ಎಂಜಲಿನಲ್ಲಿರುವ ಪ್ರೋಟೀನ್‌ಗೆ ಅಂಟಿಕೊಂಡು ಬಾಯಿಯ ಜಾರುತನವನ್ನು ಕಸಿಯುತ್ತದೆ. ಜೊತೆಗೆ ಕೊಬ್ಬು, ಪ್ರೋಟೀನ್ ಇರುವ ಆಹಾರ ತಿಂದರೆ ವೈನ್ ಮೃದುವೆನಿಸುತ್ತದೆ, ಬಾಯಿಗೆ ಹತ್ತಿದ ಜಿಡ್ಡೂ ಕಳೆಯುತ್ತದೆ. ಆ ಸೀಮೆಯವರು ಒಲೆಯಲ್ಲಿ ಸುಟ್ಟ ಮರಿ ಆಡಿನ ಮಾಂಸ, ಕೆಂಡದ ಮೇಲೆ ಬೇಯಿಸಿದ ದಪ್ಪ ಬೀಫ್ ತುಂಡು, ಹುರುಳಿಕಾಯಿ ಬೀಜ ಮತ್ತು ಹಂದಿಮಾಂಸ ಹಾಕಿದ 'ಫೆಜೋಅದಾ' ಜೊತೆ ಈ ವೈನ್ ಕುಡಿಯುತ್ತಾರೆ. ಮಾಂಸ ತಿನ್ನದವರಿಗೆ ಚೀಸ್ ಇದೆ, ಹಳೆಯದಾದಷ್ಟೂ ಒಳ್ಳೆಯದು. ಮೀನಿಗೆ ರೆಡ್ ವೈನ್ ಹೊಂದದು ಎಂಬ ಮಾತನ್ನೂ ಪೋರ್ಚುಗೀಸರು ಅಷ್ಟಾಗಿ ಲೆಕ್ಕಿಸುವುದಿಲ್ಲ. ಧಾರಾಳ ಆಲಿವ್ ಎಣ್ಣೆ ಹಾಕಿದ ಉಪ್ಪು ಮೀನು 'ಬಕಲ್ಯಾವ್' ಜೊತೆ ಅವರಿಗೆ ರೆಡ್ ಆಗುತ್ತದೆ.

ಖಾರದ ಅಡುಗೆಯದ್ದು ಬೇರೆ ಕಥೆ. ಗೋವಾದ ವಿಂದಾಲೂ ಹುಟ್ಟಿದ್ದೇ ಪೋರ್ಚುಗೀಸರ ವೈನ್-ಬೆಳ್ಳುಳ್ಳಿ ಮಾಂಸದ ಅಡುಗೆಯಿಂದ. ಹಾಗಾಗಿ ಇವೆರಡೂ ಒಳ್ಳೆಯ ಜೋಡಿ ಎಂದು ಭಾವಿಸುವುದು ಸಹಜ. ಆದರೆ ಇಲ್ಲಿಗೆ ಬಂದ ಮೇಲೆ ಅದಕ್ಕೆ ಸೇರಿದ ಮೆಣಸಿನಕಾಯಿ ಲೆಕ್ಕ ತಪ್ಪಿಸುತ್ತದೆ. ಆಲ್ಕೋಹಾಲ್ ಖಾರದ ಉರಿಯನ್ನು ಏರಿಸುತ್ತದೆ, ಒಗರು ಕಹಿಯಾಗುತ್ತದೆ. ವಿಂದಾಲೂ ಜೊತೆ ಕುಡಿಯಲೇಬೇಕೆಂದರೆ ಓಕ್ ಸೋಕದ ಎಳೆಯ ವೈನ್ ಆರಿಸಿ. ಖಾರ ಕಡಿಮೆ ಇರುವ ಕಬಾಬ್, ಸುಟ್ಟ ಮಟನ್ ಆದರೆ ಈ ತೊಂದರೆ ಇಲ್ಲ.

ಇನ್ನೊಂದು ವಿಷಯ. ರೆಡ್ ವೈನನ್ನು 'ರೂಮ್ ಟೆಂಪರೇಚರ್'ನಲ್ಲಿ ಕುಡಿಯಬೇಕು ಎನ್ನುವುದು ಯುರೋಪಿನ ತಣ್ಣನೆ ಕೋಣೆಯ ಮಾತು. ಚೆನ್ನೈ, ಮುಂಬೈನ 30 ಡಿಗ್ರಿಯಲ್ಲಿ ಆಲ್ಕೋಹಾಲ್ ವಾಸನೆಯೇ ಮೂಗಿಗೆ ಹೊಡೆಯುತ್ತದೆ. ಡೌರೊ ರೆಡ್‌ಗೆ 16ರಿಂದ 18 ಡಿಗ್ರಿ ಸಾಕು, ಅಂದರೆ ಕುಡಿಯುವ ಮುನ್ನ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ. ಬಾಟಲಿಯಲ್ಲಿ ಉಳಿದರೆ ಬಿರಡೆ ಹಾಕಿ ಮತ್ತೆ ಫ್ರಿಜ್‌ಗೆ ಸೇರಿಸಿ. ಮೂರು ದಿನದೊಳಗೆ ಮುಗಿಸಿದರೆ ರುಚಿ ಅಷ್ಟಾಗಿ ಕೆಡುವುದಿಲ್ಲ.