ಹುಣಸೆಗೆ ಒಂದು ಕೊಳೆ, ಬೂದಿಗೆ ಇನ್ನೊಂದು

ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು, ಜಿಡ್ಡು ಹಿಡಿದ ಬಾಣಲೆಗೆ ಒಲೆಯ ಬೂದಿ, ರೇಷ್ಮೆ ಸೀರೆಗೆ ಅಂಟುವಾಳ, ಮಡಿವಾಳರ ಉಬ್ಬೆಗೆ ಚೌಳು ಮಣ್ಣು. ಹಳೆಯ ಮನೆವಾರ್ತೆಯಲ್ಲಿ ಈ ಜೋಡಿಗಳು ಅದಲುಬದಲಾಗುತ್ತಿದ್ದುದು ಕಡಿಮೆ. ರೇಷ್ಮೆಯನ್ನು ಬೂದಿನೀರಿನಲ್ಲಿ ಅದ್ದುತ್ತಿರಲಿಲ್ಲ, ಬಾಣಲೆಯ ಜಿಡ್ಡಿಗೆ ಹುಣಸೆ ಉಜ್ಜುತ್ತ ಕೂರುತ್ತಲೂ ಇರಲಿಲ್ಲ. ಈಗ ಇವೆಲ್ಲ ‘ನೈಸರ್ಗಿಕ’ ಎಂಬ ಒಂದೇ ಹಣೆಪಟ್ಟಿ ಹಚ್ಚಿಕೊಂಡು ಮತ್ತೆ ಮನೆಗೆ ಬರುತ್ತಿವೆ. ಬರಲಿ, ಅಗ್ಗದ ವಸ್ತುಗಳು. ಆದರೆ ಯಾವ ಕೊಳೆಗೆ ಯಾವುದು ಎಂಬ ಲೆಕ್ಕ ಮಾತ್ರ ಅವುಗಳ ಜೊತೆ ಬಂದಿಲ್ಲ. ಆ ಲೆಕ್ಕ ರಸಾಯನಶಾಸ್ತ್ರದ್ದು. ಹುಣಸೆ ಆಮ್ಲ, ಬೂದಿ ಮತ್ತು ಚೌಳು ಕ್ಷಾರ, ಅಂಟುವಾಳ ನೊರೆ ಕೊಡುವ ಮೃದು ಮಾರ್ಜಕ. ಗಿಡದಿಂದ ಬಂದದ್ದೋ ಕಾರ್ಖಾನೆಯಿಂದ ಬಂದದ್ದೋ ಎಂಬುದನ್ನು ಕೊಳೆ ವಿಚಾರಿಸುವುದಿಲ್ಲ.

ತಾಮ್ರ, ಹಿತ್ತಾಳೆ ಕಪ್ಪಾಗುವುದು ಮೇಲಿನಿಂದ ಮೆತ್ತಿದ ಮಣ್ಣಿನಿಂದಲ್ಲ, ಲೋಹವೇ ಗಾಳಿಯ ಜೊತೆ ಕೂಡಿ ಆಕ್ಸೈಡ್ ಆಗುವುದರಿಂದ. ತೇವ ಹೆಚ್ಚಿದ್ದರೆ ಹಸಿರು ಕಿಲುಬೂ ಸೇರಿಕೊಳ್ಳುತ್ತದೆ. ಸೋಪು ಇದನ್ನು ಅಲುಗಾಡಿಸಲಾರದು, ಏಕೆಂದರೆ ಅಲ್ಲಿ ಜಿಡ್ಡೇ ಇಲ್ಲ. ಹುಣಸೆಹಣ್ಣಿನಲ್ಲಿ ಧಾರಾಳವಾಗಿರುವ ಟಾರ್ಟಾರಿಕ್ ಆಮ್ಲ ಆ ಪದರವನ್ನು ಕರಗಿಸಿ ತಾಮ್ರದ ಅಯಾನುಗಳನ್ನು ನೀರಿಗೆ ಎಳೆಯುತ್ತದೆ. ಚಿಟಿಕೆ ಉಪ್ಪು ಹಾಕಿದರೆ ಕೆಲಸ ಇನ್ನೂ ಚುರುಕು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸದೆ ಹುಳಿ ಕುದಿಸಬಾರದು ಎಂಬ ಕಟ್ಟುನಿಟ್ಟಿನ ಹಿಂದೆ ಇರುವುದೂ ಇದೇ ಕ್ರಿಯೆ. ಪಾತ್ರೆಯ ಹೊರಗೆ ಹೊಳಪು ಕೊಡುವ ಆಮ್ಲ ಒಳಗೆ ಸಾರಿಗೆ ತಾಮ್ರ ಬೆರೆಸುತ್ತದೆ. ಕೊಳವೆಬಾವಿಯ ನೀರು ನಲ್ಲಿ, ಬಕೆಟ್ಟುಗಳ ಮೇಲೆ ಬಿಡುವ ಬಿಳಿ ಪೊರೆಯೂ ಆಮ್ಲಕ್ಕೇ ಬಗ್ಗುವಂಥದ್ದು. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆರಸವೋ ವಿನೆಗರ್ರೋ ತಗುಲಿದರೆ ಗುಳ್ಳೆ ಬಿಟ್ಟು ಕರಗುತ್ತದೆ. ಇಲ್ಲೇ ಒಂದು ಅಪಾಯವೂ ಉಂಟು. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಸುಣ್ಣದಕಲ್ಲಿನ ಜಾತಿಯದು, ಕಡಪ ಕಲ್ಲೂ ಅಷ್ಟೇ, ಅಮೃತಶಿಲೆಯೂ ಅಷ್ಟೇ. ಇವೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಗ್ರಾನೈಟ್ ನೆಲದವರು ಹೇಳಿದ ವಿನೆಗರ್ ಉಪಾಯವನ್ನು ಶಹಾಬಾದ್ ನೆಲದ ಮೇಲೆ ಮಾಡಿದರೆ ಕಲೆಯ ಜೊತೆ ಕಲ್ಲಿನ ನುಣುಪೂ ಹೋಗುತ್ತದೆ.

ಜಿಡ್ಡಿನ ಕತೆ ಇದಕ್ಕೆ ತಿರುವುಮುರುವು. ಸೌದೆ ಬೂದಿಯ ಹೆಚ್ಚಿನ ಪಾಲು ಸುಣ್ಣದಂಥ ಕ್ಯಾಲ್ಸಿಯಂ ಲವಣಗಳು. ಆದರೆ ನೀರಿನಲ್ಲಿ ಕರಗುವ ಪಾಲಿನಲ್ಲಿ ಮುಖ್ಯವಾದುದು ಪೊಟ್ಯಾಸಿಯಂ ಕಾರ್ಬೊನೇಟ್. ಈ ಕ್ಷಾರ ಎಣ್ಣೆಯ ಒಂದಂಶವನ್ನು ಅಲ್ಲೇ, ಬಾಣಲೆಯ ಮೇಲೆಯೇ, ಸೋಪಾಗಿ ಮಾರ್ಪಡಿಸುತ್ತದೆ. ಹುಟ್ಟಿದ ಸೋಪು ಉಳಿದ ಎಣ್ಣೆಯನ್ನು ಹಿಡಿದು ನೀರಿನೊಡನೆ ಹೋಗುತ್ತದೆ. ಬೂದಿಯ ನುಣ್ಣನೆ ಕಣ ಉಜ್ಜುವುದಕ್ಕೂ ಒದಗುತ್ತದೆ. ಮಡಿವಾಳರ ಚೌಳು ಮಣ್ಣಿನಲ್ಲಿರುವುದು ಸೋಡಿಯಂ ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್. ಉಬ್ಬೆಯ ಹಬೆಯಲ್ಲಿ ಕ್ಷಾರದ ಜೊತೆ ಶಾಖವೂ ಸೇರಿ, ಹತ್ತಿ ಬಟ್ಟೆಯ ಎಳೆಯೊಳಗೆ ಕೂತ ಬೆವರಿನ ಜಿಡ್ಡು ಸಡಿಲವಾಗುತ್ತದೆ. ಹತ್ತಿಯ ಸೆಲ್ಯುಲೋಸ್ ಇದನ್ನು ತಾಳಿಕೊಳ್ಳುತ್ತದೆ. ರೇಷ್ಮೆ, ಉಣ್ಣೆ ತಾಳುವುದಿಲ್ಲ, ಅವು ಪ್ರೋಟೀನು. ಕ್ಷಾರಕ್ಕೆ ಸಿಕ್ಕರೆ ಎಳೆ ಒರಟಾಗಿ ಬಲ ಕಳೆದುಕೊಳ್ಳುತ್ತವೆ. ಆದ್ದರಿಂದಲೇ ಅವಕ್ಕೆ ಅಂಟುವಾಳ. ಅದರ ಸಿಪ್ಪೆಯಲ್ಲಿರುವ ಸಪೋನಿನ್ ಅಣುವಿನ ಒಂದು ತುದಿ ನೀರಿಗೆ, ಇನ್ನೊಂದು ಜಿಡ್ಡಿಗೆ ಒಲಿಯುವಂಥದ್ದು, ಸೋಪಿನ ಹಾಗೆಯೇ. ಆದರೆ ಕಾಯಿ ನೆನೆಸಿದ ನೀರು ಕ್ಷಾರವಲ್ಲ, ತುಸು ಆಮ್ಲೀಯ. ಗಡಸು ನೀರಿನಲ್ಲೂ ಇದಕ್ಕೆ ಅನುಕೂಲವಿದೆ. ಸೋಪು ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೊಡನೆ ಕೂಡಿ ಮೊಸರೊಡೆದಂತೆ ಗಸಿಯಾಗಿ ಬಟ್ಟೆಗೆ ಕೂರುತ್ತದೆ, ಸಪೋನಿನ್ ಹಾಗೆ ಒಡೆಯುವುದಿಲ್ಲ. ತಲೆಗೂದಲೂ ಪ್ರೋಟೀನೇ ಆದ್ದರಿಂದ ಇದೇ ಬಗೆಯ ಸೀಗೆಕಾಯಿಗೆ ಬಚ್ಚಲಿನಲ್ಲಿ ಸ್ಥಾನ ಸಿಕ್ಕಿದ್ದರಲ್ಲಿ ಅಚ್ಚರಿಯಿಲ್ಲ.

ಈ ಲೆಕ್ಕ ತಪ್ಪಿದ್ದಕ್ಕೆ ಮೊದಲ ಉದಾಹರಣೆ ಈಗ ಎಲ್ಲೆಡೆ ಓಡಾಡುತ್ತಿರುವ ಅಡುಗೆ ಸೋಡಾ ಮತ್ತು ವಿನೆಗರ್ ಮಿಶ್ರಣ. ಬುಸುಗುಟ್ಟಿ ಏಳುವ ನೊರೆ ನೋಡಲು ಚೆಂದ. ಆದರೆ ಆ ಬುಸುಗಿನಲ್ಲಿ ಆಮ್ಲವೂ ಕ್ಷಾರವೂ ಒಂದನ್ನೊಂದು ಮುಗಿಸಿಕೊಂಡು, ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗಿ, ಬಾಟಲಿಯಲ್ಲಿ ಉಳಿಯುವುದು ಬಹುಮಟ್ಟಿಗೆ ಸೋಡಿಯಂ ಅಸಿಟೇಟ್ ಕರಗಿದ ನೀರು. ಗುಳ್ಳೆಗಳು ಸಡಿಲ ಕೊಳೆಯನ್ನು ಕೊಂಚ ಎಬ್ಬಿಸಬಹುದು; ಬೆರೆಸಿ ತುಂಬಿಟ್ಟ ಬಾಟಲಿಗೆ ಅದೂ ಇಲ್ಲ. ಹಾಗಾದರೆ ಹಿಂದಿನವರು ಹಿತ್ತಾಳೆಗೆ ಹುಣಸೆ, ಬೂದಿ ಎರಡನ್ನೂ ಹಾಕುತ್ತಿದ್ದರಲ್ಲ ಎಂದು ಯಾರಾದರೂ ಕೇಳಬಹುದು. ಹಾಕುತ್ತಿದ್ದರು, ಒಂದಾದ ಮೇಲೆ ಒಂದು. ಹುಣಸೆ ಮೊದಲು ತನ್ನ ಕೆಲಸ ಮುಗಿಸುತ್ತದೆ. ಆಮೇಲೆ ಬರುವ ಬೂದಿ ಉಳಿದ ಹುಳಿಯನ್ನು ಕಳೆದು, ಪಾತ್ರೆ ಬೇಗ ಮತ್ತೆ ಮಂಕಾಗದಂತೆ ನೋಡಿಕೊಂಡು, ಉಜ್ಜಿ ಹೊಳಪು ಕೊಡುತ್ತದೆ.

ಯಾವ ಕೊಳೆಗೆ ಯಾವುದು ಎಂಬ ಮಾತಿಗೆ ಅರಿಶಿನದ ಕಲೆಯೂ ಒಳ್ಳೆಯ ಸಾಕ್ಷಿ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ಆರತಿ ತಟ್ಟೆ ಕಂಡ ಎಲ್ಲರಿಗೂ ಗೊತ್ತು. ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿದಾಗ ಸೋಪು ಹಾಕುತ್ತಲೇ ಕಲೆ ಕೆಂಪಗೆ ತಿರುಗುವುದೂ ಅದರಿಂದಲೇ. ಅರಿಶಿನದ ಬಣ್ಣವಾದ ಕರ್ಕ್ಯುಮಿನ್ ಕ್ಷಾರವನ್ನು ಕಂಡು ಬಣ್ಣ ಬದಲಿಸಿದೆ, ಹೋಗಿಲ್ಲ. ಇನ್ನಷ್ಟು ಸೋಪು ಹಾಕಿ ಉಜ್ಜುವುದಕ್ಕಿಂತ ಜಿಡ್ಡು ತೆಗೆದು ಬಿಸಿಲಿಗೆ ಹಾಕುವುದು ಮೇಲು. ಕರ್ಕ್ಯುಮಿನ್ ಬೆಳಕಿನಲ್ಲಿ ಒಡೆಯುವ ಅಣು, ಕಲೆ ತಾನಾಗಿ ಮಸುಕಾಗುತ್ತದೆ. ಬಿಸಿಲಿನಷ್ಟು ಅಗ್ಗದ ಚಲುವೆ ಪುಡಿ ಮತ್ತೊಂದಿಲ್ಲ. ಬಣ್ಣದ ಬಟ್ಟೆಯನ್ನೂ ಅದು ಬಿಡುವುದಿಲ್ಲ ಎಂಬುದು ಬೇರೆ ಮಾತು.

ಈ ಹಳೆಯ ವಸ್ತುಗಳ ಮೇಲಿನ ಆಕ್ಷೇಪಗಳೂ ಹಗುರವಾದವಲ್ಲ. ಅಂಟುವಾಳದಿಂದ ಗ್ಯಾರೇಜಿನ ಅಂಗಿ ತೊಳೆಯಲಾಗದು. ಗ್ರೀಸಿಗೆ ಅದರ ಬಲ ಸಾಲದು. ಕಾಯಿಲೆಯವರಿರುವ ಮನೆಯಲ್ಲಿ ನಿಂಬೆ, ವಿನೆಗರ್‌ಗಳನ್ನು ಸೋಂಕುನಿವಾರಕವೆಂದು ನಂಬುವುದು ತಪ್ಪು. ಅಲ್ಲಿ ಬ್ಲೀಚಿಂಗ್ ಪುಡಿಯೇ ಬೇಕು. ಅದರ ಜೊತೆ ಹುಳಿ, ವಿನೆಗರ್, ಕಕ್ಕಸು ತೊಳೆಯುವ ಆಸಿಡ್ ಯಾವುದೂ ಸೇರಕೂಡದು, ಸೇರಿದರೆ ಏಳುವುದು ವಿಷಗಾಳಿಯಾದ ಕ್ಲೋರಿನ್. ಇನ್ನು ಪರಿಸರದ ವಾದ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ್ದನ್ನು ಕಂಡವರಿಗೆ ಡಿಟರ್ಜೆಂಟ್ ಮೇಲೆ ಸಿಟ್ಟು ಬರುವುದು ಸಹಜ, ಆ ನೊರೆಯಲ್ಲಿ ಅದರ ಪಾಲೂ ಇತ್ತು. ಆದರೆ ಶುದ್ಧೀಕರಿಸದ ಕೊಳಚೆ ಕೆರೆಗೆ ಹರಿದದ್ದು ಮೂಲದ ತಪ್ಪು. ಡಿಟರ್ಜೆಂಟಿನ ಬದಲು ಊರಿಗೆ ಊರೇ ಅಂಟುವಾಳದ ನೀರು ಹರಿಸಿದ್ದರೆ ಕೆರೆ ತಣ್ಣಗಿರುತ್ತಿತ್ತು ಎನ್ನುವಂತಿಲ್ಲ. ಸಪೋನಿನ್ ಮೀನಿಗೆ ವಿಷ. ಸಪೋನಿನ್ ಇರುವ ಕಾಯಿ, ಬೇರುಗಳನ್ನು ಜಜ್ಜಿ ನೀರಿಗೆ ಹಾಕಿ ಮೀನನ್ನು ಮಂಪರುಗೊಳಿಸಿ ಹಿಡಿಯುವ ಪದ್ಧತಿ ಹಲವು ನಾಡುಗಳಲ್ಲಿತ್ತು. ಸಪೋನಿನ್ ಬೇಗ ಕೊಳೆತು ಹೋಗುತ್ತದೆ ಎಂಬುದಷ್ಟೇ ಅದರ ಪರವಾಗಿರುವ ಮಾತು.

ಬೂದಿಯದು ಬೇರೆಯೇ ತೊಡಕು. ಸೌದೆ ಒಲೆ ಹೋದ ಮೇಲೆ ಪೇಟೆಯ ಮನೆಗಳಲ್ಲಿ ಬೂದಿಯೇ ಇಲ್ಲ, ಹಾಗಾಗಿ ಅದೀಗ ಅಂದದ ಪ್ಯಾಕೆಟ್ಟುಗಳಲ್ಲಿ ಬೆಲೆ ಕಟ್ಟಿಸಿಕೊಂಡು ಬರುತ್ತಿದೆ. ಕೊಳ್ಳುವ ಅಗತ್ಯ ಕಾಣುವುದಿಲ್ಲ. ದಿನಸಿ ಅಂಗಡಿಯ ವಾಷಿಂಗ್ ಸೋಡಾ ಚೌಳು ಮಣ್ಣಿನಲ್ಲಿದ್ದ ಸೋಡಿಯಂ ಕಾರ್ಬೊನೇಟೇ. ಗುಜರಾತಿನ ಮೀಠಾಪುರದಂಥ ಕಡಲತೀರದ ಕಾರ್ಖಾನೆಗಳಲ್ಲಿ ಉಪ್ಪು, ಸುಣ್ಣದಕಲ್ಲುಗಳಿಂದ ತಯಾರಾದದ್ದು ಎಂಬುದಷ್ಟೇ ವ್ಯತ್ಯಾಸ. ಬಟ್ಟೆ ಪುಡಿಯ ಬಣ್ಣದ ಪೊಟ್ಟಣಗಳಲ್ಲೂ ಅದರ ಪಾಲು ದೊಡ್ಡದು. ಜಿಡ್ಡಿನ ಹತ್ತಿ ಬಟ್ಟೆಯನ್ನು ಒಂದೆರಡು ಚಮಚ ವಾಷಿಂಗ್ ಸೋಡಾ ಕದಡಿದ ಬಿಸಿನೀರಿನಲ್ಲಿ ನೆನೆಹಾಕಿದರೆ ಆಮೇಲೆ ಸೋಪು ಅರ್ಧಕ್ಕಿಳಿಸಬಹುದು, ಏಕೆಂದರೆ ಅದು ನೀರಿನ ಗಡಸುತನವನ್ನೂ ಮೊದಲೇ ತೆಗೆದಿರುತ್ತದೆ. ಒಂದು ಎಚ್ಚರ: ಬೂದಿಯ ಕಾಲದ ಅಡುಗೆಮನೆಯಲ್ಲಿ ಅಲ್ಯೂಮಿನಿಯಂ ಅಪರೂಪ. ಆ ಲೋಹಕ್ಕೆ ಕ್ಷಾರ ಆಗದು. ಸೋಡಾ ನೀರಿನಲ್ಲಿ ಅಲ್ಯೂಮಿನಿಯಂ ಪಾತ್ರೆ ನೆನೆಯಿಟ್ಟರೆ ಅದು ಕಪ್ಪಾಗಿ ಸವೆಯುತ್ತದೆ. ಅದರ ಕಪ್ಪು ತೆಗೆಯಲು ಹುಣಸೆನೀರನ್ನೇ ಕುದಿಸಬೇಕು.