ಹಳೆಯ ಮೋಟಾರ್ ಸೈಕಲ್ ಕೊಳ್ಳುವ ಮುನ್ನ
ಬಹುಕಾಲದ ನಂತರ ಸವಾರಿಗೆ ಮರಳುವ ರೈತರಿಗೆ ಕೆಲವು ಸಲಹೆಗಳು

ಎತ್ತು ಕೊಳ್ಳಲು ಜಾತ್ರೆಗೆ ಹೋಗುವ ರೈತನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಮುಟ್ಟುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅದೇ ರೈತ ಹಳೆಯ ಮೋಟಾರ್ ಸೈಕಲ್ ಕೊಳ್ಳುವಾಗ ಬಣ್ಣ ನೋಡಿ, ಬೆಲೆ ಕೇಳಿ ಮುಂಗಡ ಕೊಟ್ಟುಬಿಡುವುದುಂಟು. ಇದು ಸಲ್ಲದು.

ಹರೆಯದಲ್ಲಿ ಯೆಜ್ಡಿ, ರಾಜದೂತ್ ಓಡಿಸಿ, ಆಮೇಲೆ ಗಾಡಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟ ಹಲವರು ಈಗ ಮತ್ತೆ ಹ್ಯಾಂಡಲ್ ಹಿಡಿಯುತ್ತಿದ್ದಾರೆ. ಮಕ್ಕಳು ಪಟ್ಟಣ ಸೇರಿದ್ದಾರೆ. ಬೆಳಗಿನ ಹಾಲು ಡೇರಿಗೆ ಹೋಗಲೇಬೇಕು, ತೋಟಕ್ಕೆ ನೀರು ಬಿಡಲೇಬೇಕು, ಬಸ್ಸು ನಮ್ಮ ವೇಳೆಗೆ ಬರುವುದಿಲ್ಲ. ಆದರೆ ಇಪ್ಪತ್ತೈದರ ಮಂಡಿ, ಸೊಂಟ ಐವತ್ತಕ್ಕೆ ಇರುವುದಿಲ್ಲ. ಸೊಂಟ ನೋಯುತ್ತಿರುವವನ ಗಮನ ರಸ್ತೆಯ ಮೇಲಿರದೆ ನೋವಿನ ಮೇಲಿರುತ್ತದೆ. ಆದ್ದರಿಂದ ಹಾಯಾಗಿ ಕೂರುವ ಗಾಡಿಯನ್ನು ಆರಿಸುವುದು ಶೋಕಿಯಲ್ಲ, ಜೀವ ಉಳಿಸಿಕೊಳ್ಳುವ ಜಾಣತನ.

ಮೈಗೆ ಹೊಂದುವ ಗಾಡಿ

ಮೊದಲು ಗಾಡಿಯ ಮೇಲೆ ಕುಳಿತು ನೋಡಬೇಕು. ಎರಡೂ ಪಾದಗಳು ನೆಲಕ್ಕೆ ಚೆನ್ನಾಗಿ ಊರಬೇಕು. ತುದಿಗಾಲಲ್ಲಿ ನಿಲ್ಲುವಂತಿದ್ದರೆ ಕೆಸರಿನಲ್ಲೋ ಜಲ್ಲಿಯ ಮೇಲೋ ಬೀಳುವುದು ಖಚಿತ. ಸ್ಪ್ಲೆಂಡರ್, ಶೈನ್, ಪ್ಲಾಟಿನಾದಂಥ ಗಾಡಿಗಳ ಸೀಟು ನೆಲದಿಂದ ಸುಮಾರು 78ರಿಂದ 81 ಸೆಂಟಿಮೀಟರ್ ಎತ್ತರವಿರುತ್ತದೆ. ಹ್ಯಾಂಡಲ್ ಹಿಡಿದಾಗ ಬೆನ್ನು ನೆಟ್ಟಗಿರಬೇಕು, ಮೊಣಕೈ ಸ್ವಲ್ಪ ಮಡಿಸಿರಬೇಕು. ಮುಂದಕ್ಕೆ ಬಾಗಿ ಕೂರಬೇಕಾದ, ಹುಡುಗರು ಮೆಚ್ಚುವ ಗಾಡಿಗಳು ನಮಗೆ ಬೇಡ.

ತೂಕವನ್ನೂ ಗಮನಿಸಬೇಕು. ಮೇಲೆ ಹೇಳಿದ ಗಾಡಿಗಳು 110ರಿಂದ 120 ಕಿಲೋ ಒಳಗಿವೆ. ಈಚಿನ ಬುಲೆಟ್ 190 ಕಿಲೋ ಆಸುಪಾಸಿನದು. ಓಡುವಾಗ ಬುಲೆಟ್ ಸುಖವೇ. ಆದರೆ ಕೊಟ್ಟಿಗೆಯಿಂದ ಹಿಂದಕ್ಕೆ ಎಳೆಯುವಾಗ, ಪಂಕ್ಚರ್ ಆಗಿ ತಳ್ಳುವಾಗ ಅದರ ಭಾರ ತಿಳಿಯುತ್ತದೆ. ಕೊಳ್ಳುವ ಮುನ್ನ ಗಾಡಿಯನ್ನು ತಾನೇ ಡಬಲ್ ಸ್ಟ್ಯಾಂಡ್ ಹಾಕಿ ನೋಡುವುದು ಒಳ್ಳೆಯ ಪರೀಕ್ಷೆ. ಆಗದಿದ್ದರೆ ಆ ಗಾಡಿ ಬಿಡಿ. ಮಂಡಿನೋವು ಇರುವವರು ಸೆಲ್ಫ್ ಸ್ಟಾರ್ಟ್ ಇರುವ ಗಾಡಿಯನ್ನೇ ಕೊಳ್ಳಬೇಕು.

ಸ್ಕೂಟರ್ ಹತ್ತಿಳಿಯಲು ಸುಲಭ, ಗೇರಿನ ಗೊಡವೆಯಿಲ್ಲ. ಡಾಂಬರು ರಸ್ತೆಯಲ್ಲೇ ಓಡಾಡುವವರಿಗೆ ಅದೂ ಸರಿ. ಆದರೆ ಅದರ ಚಕ್ರ ಚಿಕ್ಕದು, ಗುಂಡಿಗೆ ಇಳಿದರೆ ಎತ್ತಿ ಹಾಕುತ್ತದೆ. ತೋಟದ ಬಂಡಿದಾರಿಗೆ ದೊಡ್ಡ ಚಕ್ರದ ಗಾಡಿಯೇ ಮೇಲು.

ಗೇರಿನ ವಿಷಯದಲ್ಲಿ ಎಚ್ಚರ ಬೇಕು. ಹಳೆಯ ಬುಲೆಟ್‌ನಲ್ಲಿ ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ ಇತ್ತು. ಈಗಿನ ಗಾಡಿಗಳಲ್ಲಿ ಅದು ತಿರುಗುಮುರುಗು. ದನ ಅಡ್ಡ ಬಂದಾಗ ಕಾಲು ಹಳೆಯ ರೂಢಿಯಂತೆ ಗೇರನ್ನು ಒತ್ತಿದರೆ ಗಾಡಿ ನಿಲ್ಲುವುದಿಲ್ಲ.

ಯಾವ ಕಾಲದ ಗಾಡಿ?

2019ರ ಏಪ್ರಿಲ್‌ನಿಂದ ಮಾರಾಟವಾದ 125 ಸಿ.ಸಿ.ವರೆಗಿನ ಹೊಸ ಗಾಡಿಗಳಿಗೆ ಎರಡೂ ಚಕ್ರದ ಬ್ರೇಕು ಕೂಡಿ ಹಿಡಿಯುವ ವ್ಯವಸ್ಥೆಯನ್ನೋ, ಚಕ್ರ ಜಾಮ್ ಆಗದಂತೆ ತಡೆಯುವ ಎ.ಬಿ.ಎಸ್. ಅನ್ನೋ ಕಡ್ಡಾಯ ಮಾಡಲಾಯಿತು. ಅಭ್ಯಾಸ ತಪ್ಪಿದವರಿಗೆ ಇದು ದೊಡ್ಡ ಅನುಕೂಲ. 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಬಂದ ಮೇಲೆ ಕಾರ್ಬುರೇಟರ್ ಬಹುಮಟ್ಟಿಗೆ ಹೋಗಿ ಇಂಜೆಕ್ಷನ್ ಬಂದಿತು. ಚೋಕ್ ಎಳೆಯುವ ಕೆಲಸ ತಪ್ಪಿತು, ಆದರೆ ಅದು ಕೆಟ್ಟರೆ ಸ್ಪ್ಯಾನರ್ ಒಂದರಿಂದಲೇ ರಿಪೇರಿ ಆಗದು. ನಿಮ್ಮೂರಿನ ಮೆಕ್ಯಾನಿಕ್ ಯಾವುದನ್ನು ಬಲ್ಲ ಎಂದು ಮೊದಲೇ ಕೇಳಿಕೊಳ್ಳಿ.

ಪರೀಕ್ಷಿಸುವ ಕ್ರಮ

1. ಬೆಳಗ್ಗೆಯೇ ಹೋಗಿ. ಮುಂಚಿತವಾಗಿ ಸ್ಟಾರ್ಟ್ ಮಾಡಿಡಬಾರದೆಂದು ತಿಳಿಸಿ. ತಣ್ಣಗಿರುವ ಇಂಜಿನ್ನೇ ನಿಜ ಹೇಳುತ್ತದೆ. ನೀಲಿ ಛಾಯೆಯ ಹೊಗೆ ಬಿಡುತ್ತಲೇ ಇದ್ದರೆ ಇಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ.

2. ಮುಂದಿನ ಶಾಕ್ ಅಬ್ಸಾರ್ಬರ್ ಕೊಳವೆಗಳ ಮೇಲೆ ಎಣ್ಣೆಯ ಜಿಡ್ಡು ಇದ್ದರೆ ಸೀಲು ಹೋಗಿದೆ. ಹಿಂಬದಿಯನ್ನು ಒತ್ತಿ ಬಿಟ್ಟಾಗ ಗಾಡಿ ಒಮ್ಮೆ ಎದ್ದು ನಿಲ್ಲಬೇಕು, ಕುಣಿಯುತ್ತಿರಬಾರದು.

3. ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಅಡ್ಡಕ್ಕೆ ಅಲ್ಲಾಡಿಸಿ. ಆಟ ಕಂಡರೆ ಬುಷ್ ಅಥವಾ ಬೇರಿಂಗ್ ಸವೆದಿದೆ. ಹಿಂದೆ ನಿಂತು ನೋಡಿದಾಗ ಎರಡೂ ಚಕ್ರ ನೇಗಿಲ ಸಾಲಿನಂತೆ ಒಂದೇ ಗೆರೆಯಲ್ಲಿರಬೇಕು. ಇಲ್ಲವಾದರೆ ಗಾಡಿ ಎಲ್ಲೋ ಪೆಟ್ಟು ತಿಂದಿದೆ.

4. ಚೈನಿನ ಸ್ಪ್ರಾಕೆಟ್ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

5. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ. 2321 ಎಂದಿದ್ದರೆ 2021ನೇ ಇಸವಿಯ 23ನೇ ವಾರದಲ್ಲಿ ತಯಾರಾದುದು. ಬಿರುಕು ಬಿಟ್ಟ ಹಳೆಯ ಟೈರು ಅಪಾಯಕರ.

6. ಮೀಟರಿನ ಕಿಲೋಮೀಟರ್ ಕಡಿಮೆ ತೋರಿಸಿ, ಬ್ರೇಕ್ ಪೆಡಲ್ ಮತ್ತು ಕಾಲಿಡುವ ರಬ್ಬರ್ ಪೂರ್ತಿ ಸವೆದಿದ್ದರೆ ಮೀಟರನ್ನು ನಂಬಬೇಡಿ.

ಕೊನೆಗೆ ಅರ್ಧ ಗಂಟೆಯಾದರೂ ಓಡಿಸಿ ನೋಡಬೇಕು. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ನೀವು ದಿನವೂ ಹೋಗುವಂಥ ಕಚ್ಚಾ ರಸ್ತೆಯಲ್ಲೇ ಓಡಿಸಿ. ನೋವು ಕಾಣಿಸುವುದು ಮೊದಲ ಐದು ನಿಮಿಷದಲ್ಲಲ್ಲ, ಇಪ್ಪತ್ತು ನಿಮಿಷದ ಮೇಲೆ.

ಕಾಗದಪತ್ರ

ಚಾಸಿಸ್ ಹಾಗೂ ಇಂಜಿನ್ ನಂಬರುಗಳು ಆರ್.ಸಿ.ಯೊಂದಿಗೆ ತಾಳೆಯಾಗಬೇಕು. ನೋಂದಣಿಯ ಅವಧಿ 15 ವರ್ಷ. ಅದು ಮುಗಿದಿದ್ದರೆ ನವೀಕರಿಸಿದ್ದಾರೆಯೇ ನೋಡಿ. ಸಾಲ ತೀರಿದ್ದರೆ ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35 ಬೇಕು. ವರ್ಗಾವಣೆಗೆ ಫಾರಂ 29 ಮತ್ತು 30ಕ್ಕೆ ಸಹಿ ಆಗಬೇಕು. ಕೊಂಡವರು 30 ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ವಿಮೆಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು.

ಮಾರುವವರಿಗೂ ಒಂದು ಮಾತು: ದಾಖಲೆಯಲ್ಲಿ ಹೆಸರು ಇರುವವನೇ ಮಾಲೀಕ, ಅಪಘಾತವಾದರೆ ಪರಿಹಾರದ ಹೊಣೆ ಅವನದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದೆ. ಬಾಯಿಮಾತಿನ ವ್ಯಾಪಾರ ಹೊಲ ಮನೆಗೇ ಕುತ್ತು ತಂದೀತು.

ನಿಮ್ಮ ಲೈಸೆನ್ಸನ್ನೂ ತೆಗೆದು ನೋಡಿ. ಅವಧಿ ಮುಗಿದು ಒಂದು ವರ್ಷ ಮೀರಿದ್ದರೆ ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ.

ಮೊದಲ ಹದಿನೈದು ದಿನ

ಗಾಡಿ ಮನೆಗೆ ಬಂದ ಕೂಡಲೇ ಹಾಲಿನ ಕ್ಯಾನು ಕಟ್ಟಿ ಹೊರಡಬೇಡಿ. ಬೆಳಗ್ಗೆ ಶಾಲೆಯ ಬಯಲಿನಲ್ಲಿ ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿದು ನಿಲ್ಲಿಸುವುದನ್ನು, ನಿಧಾನವಾಗಿ ತಿರುಗಿಸುವುದನ್ನು ರೂಢಿಸಿಕೊಳ್ಳಿ. ಕಣ್ಣು ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಐ.ಎಸ್.ಐ. ಗುರುತಿನ ಹೆಲ್ಮೆಟ್ ತೋಟಕ್ಕೆ ಹೋಗುವಾಗಲೂ ತಲೆಯ ಮೇಲಿರಲಿ. ಗಾಡಿಯ ಬೆಲೆಯಲ್ಲಿ ಚೌಕಾಸಿ ಮಾಡಿ, ಹೆಲ್ಮೆಟ್‌ನ ಗುಣದಲ್ಲಿ ಬೇಡ.