ಎರಡು ಚಿತ್ರ, ಒಂದೇ ಹೃದಯ

ಪ್ರಶ್ನೆ: ಪೆಟ್-ಸಿಟಿ ಸ್ಕ್ಯಾನ್‌ನಲ್ಲಿ ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುತ್ತಾರಂತೆ. ಅವು ತುಸು ಆಚೀಚೆ ಆದರೆ ಏನಾಗುತ್ತದೆ?

ಉತ್ತರ: ಇಲ್ಲದ ಕಾಯಿಲೆ ಇದ್ದಂತೆ ಕಾಣಬಹುದು.

ಸಿಟಿ ತೋರಿಸುವುದು ಅಂಗದ ಆಕಾರವನ್ನು, ಪೆಟ್ ತೋರಿಸುವುದು ಅದರ ಕೆಲಸವನ್ನು. ಎದೆಯ ಸಿಟಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಪೆಟ್‌ಗೆ ನಿಮಿಷಗಳೇ ಬೇಕು. ಅಷ್ಟರಲ್ಲಿ ರೋಗಿ ಹತ್ತಾರು ಸಲ ಉಸಿರಾಡಿರುತ್ತಾರೆ, ವಪೆಯ ಜೊತೆಗೆ ಹೃದಯವೂ ಯಕೃತ್ತೂ ಮೇಲೆ ಕೆಳಗೆ ಸರಿದಿರುತ್ತವೆ.

ಹೃದಯದ ವಿಷಯದಲ್ಲಿ ಇದು ನಿಜಕ್ಕೂ ಆತಂಕದ ಸಂಗತಿ. ಪೆಟ್ ಹಿಡಿಯುವ, ದೇಹದೊಳಗಿಂದ ಹೊರಡುವ ಕಿರಣಗಳಲ್ಲಿ ಒಂದಷ್ಟನ್ನು ದೇಹದ ಅಂಗಾಂಶಗಳೇ ತಡೆಯುತ್ತವೆ. ಆ ನಷ್ಟವನ್ನು ಕಂಪ್ಯೂಟರ್ ಸಿಟಿ ಚಿತ್ರ ನೋಡಿ ತುಂಬಿಕೊಡುತ್ತದೆ. ಪೆಟ್‌ನಲ್ಲಿರುವ ಎಡ ಹೃತ್ಕುಕ್ಷಿಯ ಗೋಡೆ ಸಿಟಿಯಲ್ಲಿನ ಶ್ವಾಸಕೋಶದ ಮೇಲೆ ಬಿದ್ದರೆ, ಅಲ್ಲಿರುವುದು ಬರೀ ಗಾಳಿ ತುಂಬಿದ ಜಾಗವೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ತುಂಬಿಕೊಡುವುದು ಕಡಿಮೆಯಾಗುತ್ತದೆ. ಆರೋಗ್ಯವಂತ ಗೋಡೆ ಮಂಕಾಗಿ, ರಕ್ತವೇ ಹರಿಯದಂತೆ ಕಾಣುತ್ತದೆ. ತಂತ್ರಜ್ಞರು ಪರದೆಯ ಮೇಲೆ ಸಿಟಿ ಚಿತ್ರವನ್ನು ಕೆಲವು ಮಿಲಿಮೀಟರ್ ಸರಿಸಿ ಮತ್ತೆ ಲೆಕ್ಕ ಹಾಕಿಸಿದಾಗ ಆ ಮಂಕು ಮಾಯವಾಗುವುದುಂಟು. ಅಷ್ಟು ಸಣ್ಣ ಸರಿಸುವಿಕೆ ಒಬ್ಬರಿಗೆ ಅನಗತ್ಯ ಆಂಜಿಯೋಗ್ರಾಮ್ ತಪ್ಪಿಸಬಲ್ಲದು!

ಮಿದುಳಿನ ಮಟ್ಟಿಗೆ ಎರಡು ಚಿತ್ರ ಹೊಂದಿಸುವ ಕೆಲಸ ಸುಲಭ, ಅದು ತಲೆಬುರುಡೆಯೊಳಗೆ ಭದ್ರವಾಗಿ ಕೂತಿರುತ್ತದೆ.

ಮೊದಲೆಲ್ಲ ಎರಡು ಸ್ಕ್ಯಾನ್‌ಗಳಿಗೆ ಎರಡು ಬೇರೆ ಯಂತ್ರಗಳು. ಡೇವಿಡ್ ಟೌನ್ಸೆಂಡ್ ಮತ್ತು ರೊನಾಲ್ಡ್ ನಟ್ ರೂಪಿಸಿದ ಜೋಡಿಯಂತ್ರದ ಮೊದಲ ಮಾದರಿ 1998ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕೆಲಸ ಶುರುಮಾಡಿತು. ರೋಗಿ ಒಂದೇ ಮಂಚದಲ್ಲಿ ಮಲಗಿರುವುದರಿಂದ ದೊಡ್ಡ ವ್ಯತ್ಯಾಸಗಳು ತಪ್ಪಿದವು. ಉಸಿರಿನ ವ್ಯತ್ಯಾಸ ಉಳಿಯಿತು. ಸ್ಕ್ಯಾನ್ ಹೊತ್ತಿಗೆ ಸಹಜವಾಗಿ, ಮೆಲ್ಲಗೆ ಉಸಿರಾಡಿ ಎಂದು ಸಿಬ್ಬಂದಿ ಹೇಳುವುದು ಇದಕ್ಕೇ.